ಟವೆಲಿನ ಕೆಳಗೆ

ಟವೆಲಿನ ಕೆಳಗೆ ದಲ್ಲಾಳಿ ಅವಳ ಎರಡು ಬೆರಳು ಹಿಡಿದು ಒತ್ತಿದ. ಕಿಲೋಗೆ ಎರಡು ರೂಪಾಯಿ ಎಂದರ್ಥ. ಆ ಮಂಡಿಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿರಲಿಲ್ಲ; ಪಕ್ಕದವನಿಗೂ ತಿಳಿಯದಂತೆ ಬೆರಳಿನಲ್ಲೇ ವ್ಯಾಪಾರ ಮುಗಿಯುತ್ತಿತ್ತು. ಇಷ್ಟು ವರ್ಷ ಅಲ್ಲಿ ಕೈಯಿಡುತ್ತಿದ್ದವನು ಅವಳ ಗಂಡ. ಅವನು ದೇವರ ಪಾದ ಸೇರಿದ ಮೇಲೆ ಅವಳು ಬಂದದ್ದು ಇದೇ ಮೊದಲು.

“ಯಾಕಕ್ಕ, ಕೈ ಕೋಳಿಮರಿ ಹಾಗೆ ನಡುಗ್ತಿದೆ? ಹೂಂ ಅಂದ್ಬಿಡಿ. ಬಿಸಿಲೇರಿದ್ರೆ ಈ ಟೊಮೆಟೊನ ದನಾನೂ ಮೂಸಲ್ಲ.”

ಒಲ್ಲೆನೆಂದರೆ ಇವನನ್ನು ಎದುರು ಹಾಕಿಕೊಂಡು ಬೇರಾರೂ ಕೊಳ್ಳಲಾರರು; ಒಪ್ಪಿದರೆ ಗಾಡಿಯ ಬಾಡಿಗೆಯೂ ಹುಟ್ಟದು, ಮುಂದಿನ ಬಿತ್ತನೆಗೆ ಬೀಜವಿಲ್ಲ. ‘ದೇವರೇ, ನೀನೇ ಗತಿ’ ಎಂದು ಕಣ್ಣುಮುಚ್ಚಿ, ಇನ್ನೊಂದು ಕೈಯಿಂದ ಟವೆಲನ್ನು ಎಳೆದುಬಿಟ್ಟಳು.

ದಲ್ಲಾಳಿಯ ಮುಷ್ಟಿಯಲ್ಲಿದ್ದ ಅವಳ ಎರಡು ಬೆರಳು ಎಲ್ಲರಿಗೂ ಕಂಡವು.

“ಎರಡಾ?” ಪಕ್ಕದ ರಾಶಿಯ ಮುದುಕ ಎದ್ದು ನಿಂತ. “ಈಗ ತಾನೆ ನನ್ನ ಹುಳುಕು ಹಣ್ಣಿಗೇ ನಾಲ್ಕು ಒತ್ತಿದ್ಯಲ್ಲಪ್ಪ!”

“ನಾನು ಐದು ಕೊಡ್ತೀನಿ!” ಹಿಂದಿನಿಂದ ಇನ್ನೊಬ್ಬ ದಲ್ಲಾಳಿ ಕೂಗಿದ.

“ಟವೆಲ್ ಕೊಡಿ ಅಕ್ಕ,” ಎಂದು ಮೊದಲಿನವನು ಹಲ್ಲು ಕಚ್ಚಿ ಕೈಚಾಚಿದ. ಅವಳು ಟವೆಲನ್ನು ಮಡಚಿ ಅದರ ಮೇಲೆಯೇ ಕುಳಿತಳು.