ಎರಡು ಡಬ್ಬಿ, ಒಂದೇ ಗುರುತು

ಮಾಳಿಗೆಯ ಮೇಲಿಟ್ಟ ಇಂಟರ್ನೆಟ್ ಕಂಪನಿಯ ಬಿಳಿ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಕೆಳಗೆ ನಾಗಜ್ಯೋತಿಯ ಕಂಪ್ಯೂಟರ್ ಅಂಗಡಿಗೆ ಇಂಟರ್ನೆಟ್ ಬರಲಿಲ್ಲ. ಒಳಗೆ ಸಿಮ್ ಇರುವ ಆ ಡಬ್ಬಿಗೆ ಟವರ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಮಾಳಿಗೆಯ ಮೊಳದಪ್ಪ ಮಣ್ಣು, ಅದರ ಕೆಳಗಿನ ಕಲ್ಲುಚಪ್ಪಡಿ ದಾಟಿ ಇಳಿಯುವ ಶಕ್ತಿ ಅದರ ವೈಫೈಗೆ ಇಲ್ಲ.

"ಒಳಗಿಡಾಕ ಕಂಪನಿದ ಇನ್ನೊಂದು ಡಬ್ಬಿ ತರಿಸಬೇಕಕ್ಕಾ. ಹದಿನೈದು ದಿನ ಆಗ್ತದ," ಎಂದ ಆದೋನಿಯಿಂದ ಬಂದ ಕಂಪನಿಯ ಕೆಲಸಗಾರ ಬಸವಕಿರಣ.

ಹದಿನೈದು ದಿನ ನಾಗಜ್ಯೋತಿಯ ಹತ್ತಿರ ಇರಲಿಲ್ಲ. ರಸ್ತೆ ಅಗೆದವರು ಹಳೆಯ ಇಂಟರ್ನೆಟ್ ತಂತಿ ಕತ್ತರಿಸಿ ಹತ್ತು ದಿನವಾಗಿತ್ತು. ಜಾತಿ ಪತ್ರ, ಪಿಂಚಣಿ ಎಂದು ಬರುತ್ತಿದ್ದವರೆಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗತೊಡಗಿದ್ದರು. ಅಂಗಡಿ ಇದ್ದದ್ದು ಕುರಿ ಸಾಕುವ ಮಾವ ಗಾದಿಲಿಂಗಪ್ಪನ ಮನೆಯ ಕೋಣೆಯಲ್ಲಿ; ಅವನಿಗೆ ಖಾಲಿ ಕೋಣೆ ಕಂಡರೆ ಆಗದು. ಕುರಿ ಮೇವಿನ ಶೇಂಗಾ ಹೊಟ್ಟಿನ ಚೀಲ ತುಂಬಿದ ಆಟೋ ಆಗಲೇ ಬಾಗಿಲಲ್ಲಿ ನಿಂತಿತ್ತು.

"ಇವತ್ತು ನಡೆದ್ರ ನಿನ್ನ ಅಂಗಡಿ. ಇಲ್ಲಾಂದ್ರ ನನ್ನ ಹೊಟ್ಟು," ಎಂದು ಬೆಳಿಗ್ಗೆಯೇ ಹೇಳಿದ್ದ. ಕೂಗಾಡಿರಲಿಲ್ಲ. ಅವನು ಕೂಗಾಡದೆ ಹೇಳಿದ ಮಾತು ಬದಲಾಗುವುದಿಲ್ಲವೆಂದು ಇಡೀ ಆಲೂರಿಗೆ ಗೊತ್ತು.

ನಾಗಜ್ಯೋತಿ ಮೇಜಿನ ಮೇಲಿದ್ದ ಹಳೆಯ ರೂಟರಿನ ಧೂಳು ಒರೆಸಿದಳು. "ಇದು ನನ್ನ ಸ್ವಂತದ್ದು ಐತಿ. ನಿಮ್ಮ ಡಬ್ಬಿಯಿಂದ ಇದಕ್ಕ ವೈರ್ ಎಳಿತೀನಿ. ವೈಫೈ ಇದು ಕೊಡ್ತದ."

"ಕುದರದಕ್ಕಾ, ನಡೆಯಂಗಿಲ್ಲ. ನಮ್ಮ ಡಬ್ಬಿಗೆ ಹೊರಗಿನ ರೂಟರ್ ಒಗ್ಗಂಗಿಲ್ಲ."

ಅವಳು ಏಣಿ ಹತ್ತಿದಳು. ವೈರಿನ ಒಂದು ತುದಿ ಡಬ್ಬಿಗೆ ಚುಚ್ಚಿ, ಬೆಳಕಿಂಡಿಯ ಮುಚ್ಚಳ ಸರಿಸಿ ಇನ್ನೊಂದು ತುದಿ ಇಳಿಬಿಟ್ಟಳು. ಕೆಳಗೆ ಬಂದು ರೂಟರಿಗೆ ಚುಚ್ಚಿದಳು. ಕೆಂಪು ದೀಪ. ತೆಗೆದು ಮತ್ತೆ ಚುಚ್ಚಿದಳು. ಕೆಂಪೇ.

"ಹೇಳಿದ್ನಿಲ್ಲ," ಎಂದು ಬಸವಕಿರಣ ಬ್ಯಾಗಿನ ಜಿಪ್ ಎಳೆದ. ಹೊರಗೆ ಆಟೋದವನು ಮೊದಲ ಚೀಲಕ್ಕೆ ಕೈ ಹಾಕಿದ.

ನಾಗಜ್ಯೋತಿ ರೂಟರನ್ನು ತಿರುವಿ ತಳದ ಚೀಟಿ ಓದಿದಳು. ಮತ್ತೆ ಏಣಿ ಹತ್ತಿ, ಡಬ್ಬಿಯ ಚೀಟಿಯನ್ನೂ ಓದಿ ಇಳಿದಳು. "ಎರಡಕ್ಕೂ ಒಂದ ಐಪಿ ನಂಬರ್ ಕೊಟ್ಟಾರ, ಎರಡು ಮನಿಗೆ ಒಂದ ವಿಳಾಸ ಇದ್ದಂಗ. ಒಂದಂಕಿನೂ ಫರಕ್ ಇಲ್ಲ."

"ಭಾಳ ಕಂಪನಿಯವರು ಅದೇ ನಂಬರ್ ಕೊಡ್ತಾರಕ್ಕಾ. ಅದರಾಗೇನೈತಿ?"

ಹೊಸ್ತಿಲ ಮೇಲೆ ಕೂತಿದ್ದ ಗಾದಿಲಿಂಗಪ್ಪ ಬಾಯಿಯ ಬೀಡಿ ತೆಗೆದ. "ಏನೈತಿ ಅಂತೀಯಲ್ಲ ತಮ್ಮಾ. ಎರಡು ಹಿಂಡಿಗೂ ಒಂದ ಬಣ್ಣದ ಗುರುತು ಹಾಕಿದ್ರ ಕುರಿ ಯಾವ ದೊಡ್ಡಿಗೆ ಹೊಡೀತಿ?" ಸೊಸೆಯ ಕಡೆ ತಿರುಗಿದ. "ಒಂದರ ಗುರುತು ಬದಲಿಸಾಕ ಬರ್ತದೇನವ್ವಾ?"

"ಕಂಪನಿದು ಮುಟ್ಟಂಗಿಲ್ಲ ಮಾವಾ. ನಂದು ಬದಲಿಸ್ತೀನಿ."

ಕಂಪ್ಯೂಟರಿನಲ್ಲಿ ತನ್ನ ರೂಟರಿನ ಪುಟ ತೆರೆದಳು. ನಂಬರಿನಲ್ಲಿ ಒಂದು ಎಂದಿದ್ದ ಕಡೆ ಎರಡು ಎಂದು ಒತ್ತಿದಳು. ರೂಟರಿನ ದೀಪ ಆರಿತು. ಆಟೋದವನು ಚೀಲ ಹೊತ್ತು ಹೊಸ್ತಿಲಿಗೆ ಬಂದ. ಅಲ್ಲಿ ಕೂತಿದ್ದ ಗಾದಿಲಿಂಗಪ್ಪ ದಾರಿ ಬಿಡಲಿಲ್ಲ. ದೀಪ ಮತ್ತೆ ಹತ್ತಿತು, ಈ ಸಲ ಹಸಿರು. ಅಂಗಡಿಯ ಎರಡು ಕಂಪ್ಯೂಟರ್, ಪ್ರಿಂಟರ್ ತಮ್ಮ ಹಳೆಯ ವೈಫೈ ಹೆಸರನ್ನು ಕಂಡು ತಾವಾಗಿಯೇ ಕೂಡಿಕೊಂಡವು.

"ದೊಡ್ಡಿ ಕಡೆ ಒಯ್ಯಿ," ಎಂದ ಗಾದಿಲಿಂಗಪ್ಪ ಆಟೋದವನಿಗೆ. "ಮಳಿ ಬಂದ್ರ ಮ್ಯಾಲೆ ತಾಡಪಾಲು ಹೊಚ್ಚಿದ್ರಾತು. ಇದು ಅಂಗಡಿ."

ಬಸವಕಿರಣ ಹೊರಗೆ ಬೈಕಿನ ಪಕ್ಕ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದ. ಮುದುಕ ಹೋಗಿ ಇಣುಕಿದ.

"ಏನ್ ಬರೀಲಿಕತ್ತಿ?"

"ಕೆಲಸ ಮುಗೀತು ಅಂತ ಕಂಪನಿಗೆ ರಿಪೋರ್ಟ್, ತಾತಾ. ಮಾಡಿದವರ ಹೆಸರು ಕೇಳ್ತದ."

"ಯಾರದು ಬರದಿ?"

"ನಂದು."

"ಅಳಸು. ನಾಗಜ್ಯೋತಿ ಅಂತ ಬರಿ."

"ಈ ಆ್ಯಪ್ ಹೊರಗಿನವರ ಹೆಸರು ತಗೊಳ್ಳಂಗಿಲ್ಲ ತಾತಾ."

ಗಾದಿಲಿಂಗಪ್ಪ ಬೈಕಿಗೆ ಅಡ್ಡ ನಿಂತ.

"ಹೆಂಗ ತಗೊಳ್ಳಂಗಿಲ್ಲ? ಒಳಗ ಹೋಗಿ ಆಕಿನ್ನ ಕೇಳು. ತಗೊಳ್ಳಂಗ ಮಾಡಿ ಕೊಡ್ತಾಳ."