ನೂಲು ಹಿಡಿದಂತೆ

ಹಿರಿಯ ಪ್ರೋಗ್ರಾಮರ್ ಎಂಟರ್ ಕೀ ಮೇಲೆ ಬೆರಳಿಟ್ಟು, ಒತ್ತದೆ ಕೂತಿದ್ದಳು. ಒತ್ತಿದರೆ ತಂಡದವರೆಲ್ಲ ಬರೆದ ಕೋಡಿನ ಸಾಲು, ಸ್ಪೇಸುಗಳೆಲ್ಲ ತಾವಾಗೇ ಒಂದೇ ಅಚ್ಚಿಗೆ ಬೀಳುತ್ತವೆ. ಆ ಅಚ್ಚಿನ ನಿಯಮ ಬರೆದವಳೂ, ಕೊನೆಗೆ ‘ಯಾರಿಗೂ ವಿನಾಯಿತಿ ಇಲ್ಲ’ ಎಂದು ಸೇರಿಸಿದವಳೂ ಅವಳೇ. ಆ ಕೊನೆಯ ಮಾತು ಪಕ್ಕದ ಕುರ್ಚಿಯವನಿಗೆಂದೇ ಬರೆದದ್ದು.

ಅವನು ಈಕ್ವಲ್ ಗುರುತುಗಳನ್ನೆಲ್ಲ ಒಂದರ ಕೆಳಗೊಂದು ಬರುವಂತೆ, ನೂಲು ಹಿಡಿದ ಹಾಗೆ, ಸ್ಪೇಸ್ ಒತ್ತಿ ಒತ್ತಿ ಜೋಡಿಸುತ್ತಿದ್ದ. ಇವಳು ರೇಗಿದರೆ, “ನೆಟ್ಟಗಿದ್ರೆ ತಪ್ಪು ತಾನಾಗೇ ಕಣ್ಣಿಗೆ ಬೀಳುತ್ತೆ ಅಕ್ಕಾ” ಅನ್ನುತ್ತಿದ್ದ. ನಾಲ್ಕು ವರ್ಷ ಇದೇ ಜಗಳ. ಅವನು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

“ಒತ್ತಿಬಿಡಿ ಮೇಡಂ,” ಎಂದ ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್. “ಹಳೇದು ಹಿಸ್ಟರಿಯಲ್ಲಿ ಇದ್ದೇ ಇರುತ್ತೆ. ಯಾರು ಹೋಗಿ ನೋಡ್ತಾರೆ?”

ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಅವನ ಫೈಲು ತೆರೆದಳು. ಈಕ್ವಲ್ ಗುರುತುಗಳು ದಿಕ್ಕಾಪಾಲಾಗಿದ್ದವು. ಪ್ರತಿ ಸಾಲಿನ ಎಡಕ್ಕೆ, ಅದನ್ನು ಕೊನೆಯದಾಗಿ ಮುಟ್ಟಿದವರ ಹೆಸರು ಕಾಣುತ್ತದೆ. ಬೆಳಿಗ್ಗೆಯವರೆಗೂ ಅಲ್ಲಿ ಅವನ ಹೆಸರಿತ್ತು. ಈಗ ಮೇಲಿನಿಂದ ಕೆಳಗಿನವರೆಗೆ, ಒಂದರ ಕೆಳಗೊಂದು, ನೂಲು ಹಿಡಿದಂತೆ, ಅವಳದೇ ಹೆಸರು.