ಚಂಪಿಯ ಕಿವಿಯ ಹಿಂದೆ ಏನಿತ್ತು?

ಒಲೆಯ ಮೇಲೆ ಹಾಲಿಟ್ಟಿದ್ದರೆ ಮೊದಲು ಆಫ್ ಮಾಡಿ ಬನ್ನಿ... ಆಮೇಲೆ ನಿಧಾನವಾಗಿ ಓದಿ.

ತುಮಕೂರಿನಲ್ಲಿ ನೀಲವೇಣಿ ಎಂಬ ಲೇಖಕಿ ಇದ್ದಳು. ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿಗಾಗಿಯೇ ಕಾದಂಬರಿ ಬರೆಯುವವಳು.

ಅವಳ ಮೊದಲ ಪುಸ್ತಕದ ನಾಯಕಿ ಚಂಪಿ. ಶಾಲೆಯ ಹಳೇ ಕಂಚಿನ ಗಂಟೆ ಕಳುವಾಗಿ ದೊಡ್ಡವರೆಲ್ಲ ಕೈಚೆಲ್ಲಿ ಕೂತಾಗ, ಕಳ್ಳನನ್ನು ಹಿಡಿದುಕೊಟ್ಟ ಹುಡುಗಿ.

ಪುಸ್ತಕ ಓದಿದ ಮಕ್ಕಳು ಸುಮ್ಮನಿರುತ್ತಾರೆಯೇ? ಚಂಪಿಯ ಚಿತ್ರ ಬರೆದು, ಫೋಟೋ ತೆಗೆದು ಕಳಿಸತೊಡಗಿದರು. ನೋಟ್‌ಬುಕ್ಕಿನ ಕೊನೆಯ ಹಾಳೆ, ಕ್ಯಾಲೆಂಡರಿನ ಹಿಂಬದಿ... ಒಬ್ಬನಂತೂ ಗಣಿತದ ಉತ್ತರಪತ್ರಿಕೆಯ ಮೇಲೆಯೇ ಬರೆದಿದ್ದ. ಮಾರ್ಕ್ಸ್ ಎಷ್ಟು ಬಂದಿತ್ತೆಂದು ಕೇಳಬೇಡಿ.

ಪ್ರತಿ ಭಾನುವಾರ ಬೆಳಗ್ಗೆ ಅದರಲ್ಲೊಂದನ್ನು ಆರಿಸಿ, ಕೆಳಗೊಂದು ತಮಾಷೆಯ ಸಾಲು ಬರೆದು ತನ್ನ ಪೇಜಿನಲ್ಲಿ ಹಾಕುವುದು ನೀಲವೇಣಿಯ ರೂಢಿ. ಮಕ್ಕಳು ಅದಕ್ಕಾಗಿ ವಾರವಿಡೀ ಕಾಯುತ್ತಿದ್ದರು. ಅವಳೂ ಕಾಯುತ್ತಿದ್ದಳು ಅನ್ನಿ.

ಒಂದು ಭಾನುವಾರ ಚಳ್ಳಕೆರೆಯಿಂದ ಒಂದು ಚಿತ್ರ ಬಂತು. ಮೂಲೆಯಲ್ಲಿ ‘ನಗೀನಾ, ಒಂಬತ್ತನೇ ಕ್ಲಾಸ್’ ಎಂದು ಬರೆದಿತ್ತು.

ಎರಡು ಜಡೆ, ಪಿನ್ನು ಚುಚ್ಚಿದ ಬ್ಯಾಗಿನ ಪಟ್ಟಿ, ಗಲ್ಲದ ಮೇಲಿನ ಮಚ್ಚೆ... ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ. ಆದರೆ ಬಲಗಿವಿಯ ಹಿಂದೆ ಕಂದು ಬಣ್ಣದ್ದೇನೋ ಸಣ್ಣದೊಂದು ಕೂತಿತ್ತು. ಅದರಿಂದ ತೆಳ್ಳನೆಯ ವೈರೊಂದು ಕಿವಿಯೊಳಗೆ ಹೋಗಿತ್ತು.

ನೀಲವೇಣಿಗೆ ನಗು ಬಂತು. ಚಿತ್ರ ಹಾಕಿ, ಕೆಳಗೆ ಬರೆದಳು: “ನಮ್ಮ ಚಂಪಿಗೆ ಇಯರ್‌ಫೋನ್ ಕೊಡಿಸಿದವರು ಯಾರಪ್ಪಾ? ಪಾಠದ ಹೊತ್ತಲ್ಲಿ ಹಾಡು ಕೇಳ್ತಿದಾಳೆ.”

ಅರ್ಧ ಗಂಟೆಯಲ್ಲಿ ಪೇಜಿನ ತುಂಬ ನಗುವ ಮುಖಗಳು. “ಯಾವ ಹಾಡು ಚಂಪಿ?” ಎಂದು ಕೇಳುವವರೇ ಎಲ್ಲ.

ಸ್ವಲ್ಪ ಹೊತ್ತಿಗೆ ನಗೀನಾಳ ಮೆಸೇಜು ಬಂತು.

“ಮೇಡಂ, ಅದು ಇಯರ್‌ಫೋನ್ ಅಲ್ಲ. ಕಿವಿ ಮಷಿನ್. ನಾನೂ ಹಾಕ್ಕೊಳ್ತೀನಿ. ಚಂಪಿಗೂ ಕಿವಿ ಕೇಳಲ್ಲ ಅಲ್ವಾ?”

ನೀಲವೇಣಿ ಗಾಬರಿಯಾದಳು. ತಾನು ಯಾವಾಗ ಹಾಗೆ ಬರೆದೆ? “ಇಲ್ಲ ಪುಟ್ಟಾ” ಎಂದು ಟೈಪ್ ಮಾಡುವಷ್ಟರಲ್ಲಿ ಇನ್ನೊಂದು ಮೆಸೇಜು.

“ಅವಳಮ್ಮ ಅವಳನ್ನ ಕಿವುಡಿ ಅಂತ ಹನ್ನೊಂದು ಸಲ ಕರೀತಾರೆ. ಎಣಿಸಿದೀನಿ. ಅವಳದು ಯಾವಾಗ್ಲೂ ಮುಂದಿನ ಬೆಂಚು. ಬೆಲ್ ಆಯ್ತಾ ಅಂತ ಎಲ್ರೂ ಕಿವಿ ಕೊಡ್ತಾರೆ, ಚಂಪಿ ಒಬ್ಳೇ ಕಿಟಕಿಯಿಂದ ಗಂಟೆ ಕಡೆ ನೋಡ್ತಾಳೆ. ಅದಕ್ಕೇ ಗಂಟೆ ಇಲ್ಲ ಅಂತ ಮೊದಲು ಗೊತ್ತಾಗಿದ್ದು ಅವಳಿಗೇ.”

ನೀಲವೇಣಿ ತನ್ನ ಪುಸ್ತಕವನ್ನು ತಾನೇ ತೆಗೆದು ನೋಡಿದಳು. ‘ಎಷ್ಟು ಸಲ ಕರೀಬೇಕೇ ಕಿವುಡಿ, ಊಟಕ್ಕೆ ಬಾ’... ಹನ್ನೊಂದು ಕಡೆಯೂ ಅದೇ. ಕಥೆಪುಸ್ತಕದಲ್ಲಿ ಮುಳುಗಿದ ಮಗಳನ್ನು ತಾಯಿ ಗದರುವ ಮಾತು, ಅಷ್ಟೇ. ಅದು ಎಲ್ಲಿಂದ ಬಂತೆಂದು ಯೋಚಿಸುತ್ತಿರುವಾಗಲೇ ಅಡುಗೆಮನೆಯಿಂದ ಅಮ್ಮನ ಕೂಗು ಕೇಳಿಸಿತು.

“ಏ ಕಿವುಡಿ, ಕಾಫಿ ಆರ್ತಾ ಇದೆ ಕಣೇ.”

ಅವಳು ಫೋನ್ ಹಿಡಿದುಕೊಂಡೇ ಒಳಗೆ ಹೋಗಿ ಎಲ್ಲವನ್ನೂ ಓದಿ ಹೇಳಿದಳು.

“ಅಯ್ಯೋ, ಅದೇನು ಬೈಗುಳವೇನೇ? ಬಾಯಿಗೆ ಬರೋ ಮಾತು” ಎಂದರು ಅಮ್ಮ ಪುಟ್ಟಗೌರಮ್ಮ.

“ನಮ್ಮ ಬಾಯಿಗೆ ಬರುತ್ತಮ್ಮಾ... ಆ ಮಗು ಕಿವಿಗೆ ಹೋಗಿದೆ.”

ಅಮ್ಮ ಕಾಫಿ ಲೋಟವನ್ನು ಅವಳ ಮುಂದಿಟ್ಟರು.

‘ಹೌದು, ಚಂಪಿಗೆ ಕಿವಿ ಕೇಳುವುದಿಲ್ಲ’ ಎಂದು ನಗೀನಾಳಿಗೆ ಬರೆದುಬಿಟ್ಟರೆ ಮುಗಿಯಿತು. ಹುಡುಗಿ ಖುಷಿಯಾಗಿರುತ್ತಾಳೆ, ಲೇಖಕಿ ದೊಡ್ಡವಳಾಗುತ್ತಾಳೆ. ನಿಜ ಹೇಳಿದರೆ, ಆ ಹುಡುಗಿಗೆ ಸಿಕ್ಕ ಒಬ್ಬಳೇ ಗೆಳತಿಯನ್ನು ಕಿತ್ತುಕೊಂಡ ಹಾಗೆ...

ನೀಲವೇಣಿ ಮೊದಲು ತನ್ನ ತಮಾಷೆಯ ಪೋಸ್ಟನ್ನು ಅಳಿಸಿದಳು. ಆಮೇಲೆ ಬರೆದಳು.

“ನಗೀನಾ, ನಿಂಗೆ ಸುಳ್ಳು ಹೇಳಲ್ಲ. ಚಂಪಿಗೆ ಕಿವಿ ಕೇಳಲ್ಲ ಅಂತ ನಾನು ಬರೆದಿರಲಿಲ್ಲ. ಕಿವುಡಿ ಅನ್ನೋದನ್ನ ಬೈಗುಳವಾಗೇ ಬರೆದೆ, ಯೋಚನೆ ಮಾಡದೆ ಬರೆದೆ. ಬೆಳಗ್ಗೆ ನಕ್ಕಿದ್ದೂ ತಪ್ಪು. ಕ್ಷಮಿಸಮ್ಮಾ.”

ನಗೀನಾ ಓದಿದ್ದು ಗೊತ್ತಾಯಿತು. ಐದು ನಿಮಿಷ... ಇಪ್ಪತ್ತು ನಿಮಿಷ... ಕಾಫಿ ನಿಜವಾಗಿಯೂ ಆರಿಹೋಯಿತು.

ಕೊನೆಗೆ ಉತ್ತರ ಬಂತು.

“ಗೊತ್ತು ಮೇಡಂ. ಬೈಗುಳ ಅಂತ ಮೊದಲನೇ ಪೇಜಲ್ಲೇ ಗೊತ್ತಾಯ್ತು. ಸ್ಕೂಲಲ್ಲಿ ನನ್ನನ್ನೂ ಹಾಗೇ ಕರೀತಾರೆ.”

ಹಿಂದೆಯೇ ಇನ್ನೊಂದು: “ಪುಸ್ತಕ ಮುಚ್ಚಿಡೋಣ ಅಂದ್ಕೊಂಡೆ. ಆಮೇಲೆ ಅನ್ನಿಸ್ತು... ಚಂಪಿಗೂ ಒಂದು ಮಷಿನ್ ಬರೆದುಬಿಟ್ರೆ ಅದು ಬೈಗುಳ ಆಗಲ್ಲ. ಅವಳು ಇರೋದೇ ಹಾಗೆ ಅಂತ ಆಗುತ್ತೆ. ಕೊನೇಲಿ ಗೆಲ್ಲೋದು ಅವಳೇ ಅಲ್ವಾ ಮೇಡಂ?”

ನೀಲವೇಣಿ ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತುಬಿಟ್ಟಳು. ಮುನ್ನೂರು ಪುಟ ಬರೆದ ತನಗೆ ಹೊಳೆಯದ್ದು, ಬಣ್ಣದ ಪೆನ್ಸಿಲ್ ಹಿಡಿದ ಹುಡುಗಿಗೆ ಹೊಳೆದಿತ್ತು.

ನಗೀನಾಳನ್ನು ಕೇಳಿಯೇ ಅದೇ ಚಿತ್ರವನ್ನು ಮತ್ತೆ ಹಾಕಿದಳು. ಈ ಸಲ ಕೆಳಗಿನ ಸಾಲು ಬೇರೆ. “ನಾನು ಅರ್ಧ ಬರೆದ ಚಂಪಿಯನ್ನು ನಗೀನಾ ಪೂರ್ತಿ ಮಾಡಿದ್ದಾಳೆ. ಇನ್ನು ಮೇಲೆ ಚಂಪಿ ಇವಳೇ.”

ಮುಂದಿನ ಭಾನುವಾರ ಬಂದ ಚಿತ್ರಗಳಲ್ಲೆಲ್ಲ ಚಂಪಿಯ ಕಿವಿಯ ಹಿಂದೆ ಮಷಿನ್ ಇತ್ತು. ಒಂದು ಕೆಂಪಗೆ, ಒಂದಕ್ಕೆ ನಕ್ಷತ್ರ ಅಂಟಿಸಿತ್ತು. ಗಣಿತದ ಹುಡುಗ ನವಿಲುಗರಿಯನ್ನೇ ಸಿಕ್ಕಿಸಿದ್ದ.

ಪುಸ್ತಕ ಎರಡನೇ ಮುದ್ರಣವಾದಾಗ ಮುಖಪುಟಕ್ಕೆ ನಗೀನಾಳ ಚಿತ್ರ ಬಂತು. ಒಳಗೆ ಹನ್ನೊಂದು ಕಡೆ ಒಂದು ಪದ ಹೋಯಿತು... ಅಲ್ಲೆಲ್ಲ ಈಗ ಚಂಪಿಯ ಅಮ್ಮ ಹತ್ತಿರ ಬಂದು ಮಗಳ ಭುಜ ತಟ್ಟುತ್ತಾಳೆ.

ಮುದ್ರಣವಾಗಿ ಬಂದ ಮೊದಲ ಪ್ರತಿಯನ್ನು ನೋಡುತ್ತಾ ನೀಲವೇಣಿ ಮೈಮರೆತು ಕೂತಿದ್ದಳು. ಅಡುಗೆಮನೆಯಿಂದ “ಏ ಕಿವು...” ಎಂಬ ಕೂಗು ಅರ್ಧಕ್ಕೇ ನಿಂತಿತು.

ಸ್ವಲ್ಪ ಹೊತ್ತಿಗೆ ಒದ್ದೆ ಕೈಯೊಂದು ಅವಳ ಭುಜವನ್ನು ಮೆಲ್ಲಗೆ ತಟ್ಟಿತು.

“ಕಾಫಿ ಕಣೇ” ಎಂದರು ಅಮ್ಮ.

*

ನಾವು ಆಡಿ ಮರೆತ ಮಾತನ್ನು ಯಾರೋ ಒಬ್ಬರು ಎಣಿಸುತ್ತಾ ಕೂತಿರುತ್ತಾರೆ.

ನಿಮ್ಮ ಮನೆಯಲ್ಲಿ ದಿನವೂ ಸುಮ್ಮನೆ ಬಾಯಿಗೆ ಬರುವ ಆ ಒಂದು ಮಾತು ಯಾವುದು... ಅದು ಯಾರ ಕಿವಿಗೆ ಹೋಗುತ್ತಿದೆ?